ಕಜ್ಜಿಗೆ ಮದ್ದಿದೆ, 42 ದಿನ ಕಾಯುವವರಿಲ್ಲ

ಡಿಸೆಂಬರ್ ಶುರುವಾದರೆ ನನ್ನ ವಾಟ್ಸ್‌ಆ್ಯಪ್‌ಗೆ ದನಗಳ ಕುತ್ತಿಗೆಯ ಫೋಟೊಗಳು ಬರತೊಡಗುತ್ತವೆ. ಕಳಿಸುವವರು ರೈತರಲ್ಲ, ರೈತರ ಮಕ್ಕಳು. ಗಚ್ಚಿಬೌಲಿಯಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವವರು, ಊರಿನಿಂದ ಅಪ್ಪನೋ ತಮ್ಮನೋ ಕಳಿಸಿದ್ದನ್ನು ನನಗೆ ದಾಟಿಸುತ್ತಾರೆ. ಕೂದಲು ಉದುರಿ, ಚರ್ಮ ದಪ್ಪಗಾಗಿ, ಆನೆಯ ಚರ್ಮದ ಹಾಗೆ ಮಡಿಕೆ ಬಿದ್ದ ಕುತ್ತಿಗೆ. ಕಂಬಕ್ಕೆ ಉಜ್ಜಿ ಉಜ್ಜಿ ರಕ್ತ ಬಂದ ಬಾಲದ ಬುಡ. ಕೆಳಗೆ ಒಂದೇ ಸಾಲು: ‘ಸರ್, ಇದು ಲಂಪಿ ಏನ್ರಿ?’

ಹೆಚ್ಚಿನವು ಲಂಪಿ ಅಲ್ಲ, ಕಜ್ಜಿ. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ಕೊಟ್ಟಿಗೆಗಳನ್ನು ಬರಿದು ಮಾಡಿ, ದನದ ಸಂತೆ ಜಾತ್ರೆಗಳನ್ನೇ ನಿಲ್ಲಿಸುವ ಸ್ಥಿತಿ ತಂದ ಮೇಲೆ ಚರ್ಮದ ಮೇಲೆ ಏನು ಕಂಡರೂ ಜನ ಅದೇ ಹೆಸರು ಹೇಳುತ್ತಾರೆ. ‘ಕಜ್ಜಿ’ ಎಂದು ಗೊತ್ತಾದಾಗ ಎಲ್ಲರಿಗೂ ಉಸಿರು ಬಿಟ್ಟಂತಾಗುತ್ತದೆ. ಸಾಯುವ ರೋಗವಲ್ಲ, ಒಂದು ಸೂಜಿ ಹಾಕಿಸಿದರೆ ಹೋಗುತ್ತದೆ ಎಂಬ ಸಮಾಧಾನ. ಸಮಸ್ಯೆ ಇರುವುದು ಆ ‘ಒಂದು ಸೂಜಿ’ಯಲ್ಲಿ.

ಕಳೆದ ಚಳಿಗಾಲದಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಿಂದ ಹೀಗೇ ಫೋಟೊ ಬಂತು. ಎರಡು ವರ್ಷದ ಕೋಣ, ಭುಜದಿಂದ ಕಿವಿಯವರೆಗೆ ಹರಡಿದ ಕಜ್ಜಿ. ಸ್ಥಳೀಯ ಪಶುವೈದ್ಯರು ಬಂದು ನೋಡಿ ಐವರ್‌ಮೆಕ್ಟಿನ್ ಚುಚ್ಚಿದರು, ಎರಡು ವಾರಕ್ಕೆ ಮತ್ತೊಮ್ಮೆ ಹಾಕಿಸಬೇಕೆಂದರು. ಹತ್ತು ದಿನ ಬಿಟ್ಟು ನಾನೇ ಫೋನ್ ಮಾಡಿ ಕೇಳಿದೆ. ‘ಒಂಬತ್ತನೇ ದಿನಕ್ಕ ಕೊಟ್ಟ ಬಿಟ್ಟೇವ್ರಿ. ದುಡ್ಡಿನ ಕೆಲಸ ಇತ್ತು’ ಎಂದರು ಮನೆಯವರು. ಕೊಂಡವನಿಗೆ ಸೂಜಿಯ ವಿಷಯ ಹೇಳಿದಿರಾ ಎಂದರೆ, ‘ಹೇಳಿದ್ರ ರೇಟ್ ಇಳಸ್ತಾನ್ರಿ’ ಎಂಬ ಉತ್ತರ ಬಂತು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕಜ್ಜಿ ಬಂದ ದನವನ್ನು ಕಜ್ಜಿ ಕಾಣದಂತಾದ ಮೇಲೆ ಮಾರುವುದು ಸಂತೆಯ ಹಳೆಯ ರೂಢಿ.

ನಾನು ಹೈದರಾಬಾದಿನ ಒಂದು ಪಶು ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಪಶುವೈದ್ಯ. ಮನೆ ಶಂಶಾಬಾದಿನಲ್ಲಿ. ಸೂಜಿಮದ್ದು ಮಾರಿ ಸಂಬಳ ತೆಗೆದುಕೊಳ್ಳುವವನು ‘ಸೂಜಿಯೊಂದರಿಂದ ಆಗದು’ ಎಂದು ಬರೆಯುವುದು ವಿಚಿತ್ರ ಎನಿಸಬಹುದು. ಆದರೆ ಆ ಒಂಬತ್ತು ದಿನದ ಕೋಣದ ಕಥೆಯಲ್ಲಿ ನಮ್ಮ ಜಾನುವಾರು ಆಡಳಿತದ ದೊಡ್ಡ ತೂತೊಂದು ಕಾಣುತ್ತದೆ.

ಮೊದಲು ರೋಗದ ವಿಷಯ. ಕಜ್ಜಿ ತರುವುದು ನುಸಿ, ಅಂದರೆ ಕಣ್ಣಿಗೆ ಬಹುತೇಕ ಕಾಣದ, ಒಂದು ಮಿಲಿಮೀಟರ್‌ಗಿಂತ ಚಿಕ್ಕ ಜೀವಿ. ಉಣ್ಣೆ, ಹೇನುಗಳ ಹಾಗೆ ಕೈಗೆ ಸಿಗುವುದಿಲ್ಲ. ದನ ಎಮ್ಮೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಸಾರ್ಕಾಪ್ಟಿಸ್ ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ತುರಿಕೆ ಇದರಲ್ಲೇ ಅತಿ ಹೆಚ್ಚು. ಹಾಲು ಕರೆಯುವವರ, ಮೈ ಉಜ್ಜುವವರ ಮುಂಗೈಗೂ ಹತ್ತಿ ಕೆಲವು ವಾರ ಕಾಡುವುದು ಇದೇ. ಮನುಷ್ಯರ ಮೈಯಲ್ಲಿ ಅದು ಸಂಸಾರ ಹೂಡಲಾರದು, ತಾನಾಗಿ ಹೋಗುತ್ತದೆ. ಆದರೆ ಕೊಟ್ಟಿಗೆಯಲ್ಲಿ ರೋಗ ಉಳಿದರೆ ಮತ್ತೆ ಮತ್ತೆ ಹತ್ತುತ್ತದೆ. ಸೊರಾಪ್ಟಿಸ್ ಕೊರೆಯುವುದಿಲ್ಲ, ಮೇಲಿನಿಂದಲೇ ಚುಚ್ಚುತ್ತದೆ. ರಸ ಒಸರಿ ಹಳದಿ ಹಕ್ಕಳೆಗಟ್ಟುತ್ತದೆ. ಕೋರಿಆಪ್ಟಿಸ್ ಬಾಲದ ಬುಡ, ಕಾಲುಗಳಲ್ಲಿ ಸದ್ದಿಲ್ಲದೆ ಇರುವಂಥದ್ದು. ಡೆಮೊಡೆಕ್ಸ್ ಕೂದಲ ಬುಡದಲ್ಲಿ ಗಂಟು ಕಟ್ಟುತ್ತದೆ. ತುರಿಕೆ ಹೆಚ್ಚಿಲ್ಲದಿದ್ದರೂ ಹದ ಮಾಡಿದ ಚರ್ಮದಲ್ಲಿ ತೂತಾಗಿ ಕಾಣುತ್ತದೆ. ಲಂಪಿ ಎಂದು ಗಾಬರಿಯಾಗುವುದು ಕೆಲವೊಮ್ಮೆ ಈ ಗಂಟುಗಳನ್ನು ನೋಡಿ.

ಯಾವುದೆಂದು ಫೋಟೊ ನೋಡಿ ಹೇಳಲಾಗದು. ಗಾಯದ ನಡುವಿನಿಂದಲ್ಲ, ಅಂಚಿನಿಂದ, ಸಣ್ಣಗೆ ರಕ್ತ ಜಿನುಗುವವರೆಗೆ ಚರ್ಮ ಕೆರೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಹತ್ತು ನಿಮಿಷದ ಕೆಲಸ. ಆದರೂ ನಮ್ಮಲ್ಲಿ ಅಪರೂಪ. ಕೆರೆದು ನೋಡದ ಕಾರಣ ಹುಳುಕಡ್ಡಿಗೆ ಐವರ್‌ಮೆಕ್ಟಿನ್ ಹಾಕುವುದು, ಕಜ್ಜಿಗೆ ಶಿಲೀಂಧ್ರದ ಮುಲಾಮು ಬಳಿಯುವುದು ಎರಡೂ ನಡೆಯುತ್ತವೆ.

ಚಳಿಗಾಲದಲ್ಲೇ ಇದು ಏಳಲು ಕಾರಣ ಸರಳ. ಕೂದಲು ದಟ್ಟವಾಗಿರುತ್ತದೆ, ಬಿಸಿಲು ಕಡಿಮೆ, ದನಗಳು ರಾತ್ರಿ ಮೈಗೆ ಮೈ ತಾಗಿಸಿ ಮಲಗುತ್ತವೆ. ಹೊಟ್ಟೆಗೆ ಸಾಲದ, ಜಂತು ತುಂಬಿದ ದನಕ್ಕೆ ಮೊದಲು ಹತ್ತುತ್ತದೆ. ತುರಿಕೆಯಿಂದ ಮೇವು ಬಿಡುತ್ತದೆ, ಮಲಗದೆ ಕಂಬಕ್ಕೆ ಉಜ್ಜುತ್ತ ನಿಲ್ಲುತ್ತದೆ, ಮೈ ಇಳಿಯುತ್ತದೆ. ಮಾಂಸಕ್ಕಾಗಿ ಸಾಕುವ ದನದಲ್ಲಿ ಮೈ ಇಳಿಯುವುದೆಂದರೆ ನೇರ ನಷ್ಟ. ದೊಡ್ಡ ಮೈಯ ಬೆಲ್ಜಿಯನ್ ಬ್ಲೂ ತಳಿಗೆ ಸೊರಾಪ್ಟಿಸ್ ಕಜ್ಜಿ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ ಬೆಲ್ಜಿಯಂನ ಸಾಕಣೆದಾರರು ವರ್ಷವರ್ಷವೂ ಅದರೊಡನೆ ಗುದ್ದಾಡುತ್ತಾರೆ. ಅಲ್ಲಿ ಐವರ್‌ಮೆಕ್ಟಿನ್ ಜಾತಿಯ ಮದ್ದುಗಳಿಗೆ ಬಗ್ಗದ ನುಸಿಗಳೂ ವರದಿಯಾಗಿವೆ.

ಐವರ್‌ಮೆಕ್ಟಿನ್ ನಿಜಕ್ಕೂ ದೊಡ್ಡ ಮದ್ದು. ಜಪಾನಿನ ಸತೋಶಿ ಒಮುರಾ ಮಣ್ಣಿನಿಂದ ಹುಡುಕಿದ ಸೂಕ್ಷ್ಮಜೀವಿಯಿಂದ ಬಂದದ್ದು. ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಸಿಕ್ಕಿತು. 1981ರಲ್ಲಿ ಜಾನುವಾರುಗಳ ಬಳಕೆಗೆ ಬಂದು ಉಣ್ಣೆ, ಜಂತು, ನುಸಿ ಎಲ್ಲಕ್ಕೂ ಒಂದೇ ಮದ್ದಾಯಿತು. ಶೇ 1ರ ದ್ರಾವಣವಾದರೆ 50 ಕೆ.ಜಿ. ತೂಕಕ್ಕೆ 1 ಎಂ.ಎಲ್., ಚರ್ಮದ ಅಡಿಗೆ. ಆದರೆ ಅದರ ಎರಡು ಗುಣಗಳನ್ನು ನಾವು ಮರೆಯುತ್ತೇವೆ. ಒಂದು, ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಸಾರ್ಕಾಪ್ಟಿಸ್ ಮೊಟ್ಟೆ ಮೂರರಿಂದ ಐದು ದಿನಕ್ಕೆ ಒಡೆಯುತ್ತದೆ, ಎರಡು ಮೂರು ವಾರದೊಳಗೆ ಹೊಸ ತಲೆಮಾರು ಬೆಳೆದು ನಿಲ್ಲುತ್ತದೆ. ಹಾಗಾಗಿಯೇ ಎರಡನೇ ಸೂಜಿ. ಮೊದಲ ಸೂಜಿಗೆ ತುರಿಕೆ ನಿಂತಿತೆಂದು ಬಿಟ್ಟರೆ, ಉಳಿದ ಮೊಟ್ಟೆಗಳು ಇಡೀ ಮಂದೆಗೆ ಸಾಕು. ಎರಡು, ಚುಚ್ಚಿದ ದಿನವೇ ನುಸಿಗಳೆಲ್ಲ ಸಾಯುವುದಿಲ್ಲ. ಚಿಕಿತ್ಸೆ ಪಡೆದ ದನವನ್ನು ಎರಡು ವಾರವಾದರೂ ಬೇರೆ ಕಟ್ಟಬೇಕು.

ಇನ್ನೊಂದು ತಪ್ಪು ಅಂದಾಜು ತೂಕ. ಸಿರಿಂಜಿಗೆ ಕಣ್ಣಳತೆಯಲ್ಲಿ ಐದು ಎಂ.ಎಲ್. ಎಳೆಯುತ್ತಾರೆ. ಹೊಲಿಗೆಯವರ ಟೇಪೊಂದಿದ್ದರೆ ಲೆಕ್ಕ ಸಿಗುತ್ತದೆ: ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆ.ಜಿ. ಸುತ್ತಳತೆ 65, ಉದ್ದ 55 ಇದ್ದರೆ ಸುಮಾರು 350 ಕೆ.ಜಿ., ಅಂದರೆ 7 ಎಂ.ಎಲ್. ಐದು ಹಾಕಿದರೆ ನುಸಿ ಸಾಯುವ ಬದಲು ಮದ್ದಿಗೆ ಒಗ್ಗಿಕೊಳ್ಳುವುದನ್ನು ಕಲಿಯುತ್ತದೆ.

ಈಗ ಆ 42 ದಿನದ ಲೆಕ್ಕಕ್ಕೆ ಬರೋಣ. ಭಾರತದ ಔಷಧ ನಿಯಮಗಳಲ್ಲಿ 2012ರಲ್ಲಿ ಸೇರಿದ ತಿದ್ದುಪಡಿಯ ಪ್ರಕಾರ, ಆಹಾರಕ್ಕಾಗಿ ಬಳಸುವ ಪ್ರಾಣಿಗಳ ಔಷಧದ ಲೇಬಲ್ಲಿನಲ್ಲಿ ‘ಕಾಯುವ ಅವಧಿ’ ನಮೂದಿಸಬೇಕು. ಪರೀಕ್ಷೆಯಿಂದ ಸಿದ್ಧಪಟ್ಟ ಅವಧಿ ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಮೊದಲ ಸೂಜಿಯಿಂದ ಎರಡನೆಯದಕ್ಕೆ 14 ದಿನ, ಅಲ್ಲಿಂದ 28 ದಿನ. ಒಟ್ಟು 42. ಇದು ಕನಿಷ್ಠ ಲೆಕ್ಕ. ಅಮೆರಿಕದಲ್ಲಿ ಐವರ್‌ಮೆಕ್ಟಿನ್ ಸೂಜಿಗೆ 35 ದಿನ ಕಾಯಬೇಕೆಂದಿದೆ. ಯುರೋಪಿನ ಲೇಬಲ್ಲುಗಳಲ್ಲಿ ಇನ್ನೂ ಹೆಚ್ಚು. ಕೊಬ್ಬಿಗೆ ಅಂಟುವ ಮದ್ದಾದ್ದರಿಂದ ಅದು ಪಿತ್ತಜನಕಾಂಗ, ಕೊಬ್ಬುಗಳಲ್ಲಿ ನಿಧಾನ ಕರಗುತ್ತದೆ ಎಂಬುದೇ ಇದಕ್ಕೆ ಕಾರಣ. ನಮ್ಮ ಕಡೆ ಅಗ್ಗಕ್ಕೆ ಸಿಗುವ ಮಾಂಸದ ಭಾಗಗಳಲ್ಲಿ ಮೊದಲ ಹೆಸರು ಯಾವುದೆಂದು ಯೋಚಿಸಿ: ಕಲೇಜಿ. ಹಾಲು ಕೊಡುವ ಹಸು ಎಮ್ಮೆಗಳಿಗೆ ಐವರ್‌ಮೆಕ್ಟಿನ್ ಹಾಕಲೇಬಾರದು ಎಂಬುದು ಹಲವು ದೇಶಗಳ ನಿಯಮ. ನಮ್ಮಲ್ಲಿ ಕೇಳಿ ನೋಡಿ, ಬೆಳಿಗ್ಗೆ ಸೂಜಿ ಹಾಕಿಸಿಕೊಂಡ ಎಮ್ಮೆಯ ಹಾಲು ಸಂಜೆ ಡೇರಿಗೆ ಹೋಗಿರುತ್ತದೆ.

42 ದಿನ ಒಂದೇ ಕೈಯಲ್ಲಿ ಉಳಿಯುವ ಮಾಂಸದ ಪ್ರಾಣಿ ನಮ್ಮಲ್ಲಿ ಬಹಳ ಕಡಿಮೆ. ಅಮೆರಿಕ, ಬ್ರೆಜಿಲ್‌ನಂತೆ ಮಾಂಸಕ್ಕೆಂದೇ ಬೆಳೆಸಿದ ಮಂದೆಗಳು ನಮ್ಮಲ್ಲಿಲ್ಲ. ಹಸು, ಎತ್ತು, ಕರುಗಳ ಮಾಂಸದ ರಫ್ತಿಗೆ ನಿಷೇಧವಿದೆ. ಜಗತ್ತು ‘ಇಂಡಿಯನ್ ಬೀಫ್’ ಎಂದು ಕೊಳ್ಳುವುದು ಎಮ್ಮೆ ಕೋಣಗಳದ್ದು. ಅದು ಸಣ್ಣ ವ್ಯಾಪಾರವಲ್ಲ. 2023-24ರಲ್ಲಿ ಸುಮಾರು 13 ಲಕ್ಷ ಟನ್, ಮೌಲ್ಯ 370 ಕೋಟಿ ಡಾಲರ್‌ಗೂ ಹೆಚ್ಚು. ಈ ಪ್ರಾಣಿಗಳು ಬರುವುದು ಹಾಲಿನ ಮನೆಗಳಿಂದ. ಬತ್ತಿದ ಎಮ್ಮೆ, ಬೇಡವಾದ ಗಂಡುಕರು. ಮನೆಯಿಂದ ಹಳ್ಳಿಯ ದಲ್ಲಾಳಿಗೆ, ದಲ್ಲಾಳಿಯಿಂದ ಸಂತೆಗೆ, ಸಂತೆಯಿಂದ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಲಾರಿಗೆ. ಒಬ್ಬೊಬ್ಬರ ಕೈಯಲ್ಲಿ ಎರಡು ದಿನ, ನಾಲ್ಕು ದಿನ. ನಡುವೆ ಕಜ್ಜಿ ಕಂಡರೆ ಯಾರೋ ಒಬ್ಬರು ಸೂಜಿ ಹಾಕಿಸುತ್ತಾರೆ. ಯಾವ ಮದ್ದು, ಯಾವ ದಿನ ಎಂಬುದು ಆ ಕೈ ದಾಟುತ್ತಿದ್ದಂತೆ ಅಳಿಸಿಹೋಗುತ್ತದೆ. ಕಸಾಯಿಖಾನೆಯ ಬಾಗಿಲಲ್ಲಿ ನಿಂತ ಪಶುವೈದ್ಯರಿಗೆ ಕಾಣುವುದು ಗುಣವಾಗುತ್ತಿರುವ ಚರ್ಮ. ಕಜ್ಜಿ ಕಂಡರೆ ತಡೆದಾರು. ಕಜ್ಜಿ ಕಾಣದಂತೆ ಮಾಡಿದ ಮದ್ದು ಕಾಣುವುದು ಹೇಗೆ?

ಇದು ಕಾಲ್ಪನಿಕ ಭಯವಲ್ಲ. 2010ರಲ್ಲಿ ಬ್ರೆಜಿಲ್‌ನಿಂದ ಬಂದ ಸಂಸ್ಕರಿಸಿದ ಬೀಫ್‌ನಲ್ಲಿ ಮಿತಿ ಮೀರಿದ ಐವರ್‌ಮೆಕ್ಟಿನ್ ಪತ್ತೆಯಾಗಿ ಅಮೆರಿಕದಲ್ಲಿ ಡಬ್ಬಿಗಳನ್ನು ವಾಪಸು ಪಡೆದರು. ಬ್ರೆಜಿಲ್ ಆ ರಫ್ತನ್ನು ತಾನೇ ಕೆಲಕಾಲ ನಿಲ್ಲಿಸಬೇಕಾಯಿತು. ಸಾವಿರಗಟ್ಟಲೆ ದನಗಳ ಒಡೆಯರಿರುವ, ದಾಖಲೆಯ ರೂಢಿಯಿರುವ ದೇಶದಲ್ಲಿ ಹೀಗಾಯಿತು. ನಮ್ಮಲ್ಲಿ ಒಬ್ಬೊಬ್ಬರ ಬಳಿ ಎರಡು ಮೂರು ಎಮ್ಮೆ.

ಕಾನೂನು ಈ ಮೌನವನ್ನು ಇನ್ನಷ್ಟು ಗಟ್ಟಿ ಮಾಡಿದೆ. ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಹಸು, ಎತ್ತು, ಹೋರಿ, ಕರುಗಳ ವಧೆ ಸಂಪೂರ್ಣ ನಿಷಿದ್ಧ. ಎಮ್ಮೆ ಕೋಣಗಳಾದರೆ 13 ವರ್ಷ ದಾಟಿರಬೇಕು. ಅದಕ್ಕೂ ಹಿಂದಿನ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತುಗಳಿಗೂ ಅವಕಾಶವಿತ್ತು. ತೆಲಂಗಾಣದಲ್ಲಿ ಈಗಲೂ ನಡೆಯುವುದು ಅವಿಭಜಿತ ಆಂಧ್ರದ 1977ರ ಕಾಯ್ದೆ. ಹಸುವಿಗೆ, ಕರುವಿಗೆ ನಿಷೇಧ, ಉಳಿದವಕ್ಕೆ ಉಳುಮೆಗೆ, ಹಾಲಿಗೆ, ತಳಿಗೆ ಆಗದು ಎಂಬ ಪ್ರಮಾಣಪತ್ರ. ಬೀದರ್‌ನಿಂದ ಜಹೀರಾಬಾದ್ ಒಂದು ಗಳಿಗೆಯ ದಾರಿ, ಆದರೆ ಕಾಯ್ದೆ ಎರಡು. ಈ ಕಾಯ್ದೆಗಳು ಸರಿಯೋ ತಪ್ಪೋ ಎಂಬ ವಾದ ಬೇರೆ, ಅದನ್ನು ಮಾಡಲು ನನಗಿಂತ ಬಲ್ಲವರಿದ್ದಾರೆ. ನಾನು ಹೇಳುವುದು ಒಂದು ಪರಿಣಾಮದ ಬಗ್ಗೆ ಮಾತ್ರ. ಎರಡು ವರ್ಷದ ಕೋಣವನ್ನು ಯಾರಿಗೆ, ಏತಕ್ಕೆ ಮಾರಿದೆವು ಎಂಬುದನ್ನು ಕಾಗದದ ಮೇಲೆ ಬರೆಯಲು ಹೆದರುವ ಕಡೆ, ಸೂಜಿಯ ತಾರೀಖನ್ನೂ ಯಾರೂ ಬರೆಯುವುದಿಲ್ಲ.

ಮಾರಾಟವಾಗದ ದನಗಳದ್ದು ಇನ್ನೊಂದು ಕಥೆ. ಶಂಶಾಬಾದಿನ ಸುತ್ತ ಗೋಶಾಲೆಗಳಿವೆ, ಕೆಲವು ಬಹಳ ದೊಡ್ಡವು. ವಿಮಾನ ನಿಲ್ದಾಣ ಬಂದು, ಹೊರವರ್ತುಲ ರಸ್ತೆ ಬಂದು, ಗೋಮಾಳಗಳಿದ್ದ ಕಡೆ ವಿಲ್ಲಾಗಳು ಎದ್ದ ಮೇಲೂ ಇವು ಉಳಿದುಕೊಂಡಿವೆ. ನಮ್ಮ ಕಡೆಯ ಜಿಲ್ಲೆಗಳಲ್ಲೂ 2021ರ ನಂತರ ಸರ್ಕಾರಿ ಗೋಶಾಲೆಗಳು ಶುರುವಾದವು. 2017ರ ಕೇಂದ್ರದ ನಿಯಮಗಳ ಪ್ರಕಾರ ಸಾಗಣೆಯಲ್ಲಿ ವಶಪಡಿಸಿಕೊಂಡ ದನಗಳನ್ನು ಪ್ರಕರಣ ಮುಗಿಯುವವರೆಗೆ ಗೋಶಾಲೆ, ಪಾಂಜರಪೋಳಗಳಿಗೆ ಒಪ್ಪಿಸಬಹುದು. ರಾತ್ರಿ ಹೆದ್ದಾರಿಯಲ್ಲಿ ಲಾರಿ ಹಿಡಿಯುತ್ತಾರೆ. ಒಳಗೆ ಮೈಗೆ ಮೈ ಒತ್ತಿ ನಿಂತ ದನಗಳು, ಬೇರೆಬೇರೆ ಊರಿನವು, ಒಂದರ ಕಜ್ಜಿ ಇನ್ನೊಂದಕ್ಕೆ ಹತ್ತಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳಗಿನ ಜಾವಕ್ಕೆ ಗೋಶಾಲೆಯ ಗೇಟು ತೆರೆಯುತ್ತದೆ. ನೂರಾರು ದನಗಳ ನಡುವೆ ಇವನ್ನೂ ಇಳಿಸುತ್ತಾರೆ. ಬೇರೆ ಕಟ್ಟಲು ಜಾಗವಿಲ್ಲ, ಇದ್ದರೂ ಆ ಹೊತ್ತಿನಲ್ಲಿ ಆಳಿಲ್ಲ.

ಮನೆಯಲ್ಲಿ ನಾಲ್ಕು ಎಮ್ಮೆಯಿದ್ದಾಗ ಕಜ್ಜಿ ಒಂದು ಕಷ್ಟ. ನಾನೂರು ದನಗಳ ಒಂದೇ ಆವರಣದಲ್ಲಿ ಅದು ಕೊನೆಯಿಲ್ಲದ ಸುತ್ತು. ಅಲ್ಲಿ ಕಂಡ ಕಂಡ ದನಕ್ಕೆ ಮಾತ್ರ ಸೂಜಿ ಹಾಕುತ್ತಾರೆ, ದಾನಿಗಳು ಕೊಟ್ಟ ಮದ್ದು ಇದ್ದಷ್ಟು ದಿನ. ಕಜ್ಜಿ ಇನ್ನೂ ಹೊರಗೆ ಕಾಣದ, ಆದರೆ ನುಸಿ ಹೊತ್ತ ದನಗಳು ಹಾಗೇ ಉಳಿಯುತ್ತವೆ. ಮೂರು ವಾರಕ್ಕೆ ಮತ್ತೆ ಮೊದಲಿನಂತೆ. ಒಬ್ಬ ಮೇಲ್ವಿಚಾರಕರು ನನಗೆ ‘ಈ ಮದ್ದು ಡುಪ್ಲಿಕೇಟ್ ಸಾರ್’ ಎಂದು ಬಾಟಲಿ ತೋರಿಸಿದರು. ಬಾಟಲಿಯಲ್ಲಿದ್ದದ್ದು ಸರಿಯಾದ ಮದ್ದೇ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕರುಣೆಯಿಂದ ನಡೆಯುವ ಜಾಗದಲ್ಲಿ ‘ಇವತ್ತು ಜಾಗವಿಲ್ಲ, ಇಳಿಸಬೇಡಿ’ ಎನ್ನುವುದು ಕಷ್ಟ.

ಮದ್ದು ಬರುವುದಕ್ಕೂ ಮೊದಲು ಈ ನುಸಿಯನ್ನು ಗೆದ್ದವರಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು. ಕುರಿಗಳಲ್ಲಿ ಕಜ್ಜಿ ತರುವ ಸೊರಾಪ್ಟಿಸ್ ದನದ ಸೊರಾಪ್ಟಿಸ್‌ನ ಹತ್ತಿರದ ಬಂಧು, ಎರಡೂ ಒಂದೇ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು 19ನೇ ಶತಮಾನ ಮುಗಿಯುವುದರೊಳಗೆ ಅದನ್ನು ತಮ್ಮ ನೆಲದಿಂದ ಅಳಿಸಿಹಾಕಿದವು. ಆಗ ಐವರ್‌ಮೆಕ್ಟಿನ್ ಇರಲಿಲ್ಲ. ಗಂಧಕ, ಸುಣ್ಣ, ತಂಬಾಕಿನ ಕಷಾಯದ ತೊಟ್ಟಿಗಳಿದ್ದವು. ಆದರೆ ಮಂದೆಯ ಪ್ರತಿ ಕುರಿಯನ್ನೂ ಮುಳುಗಿಸಬೇಕು, ಕಜ್ಜಿಯಿರುವ ಮಂದೆ ಊರು ದಾಟಬಾರದು ಎಂಬ ಕಟ್ಟುನಿಟ್ಟಿತ್ತು. ಬ್ರಿಟನ್ನಿನಲ್ಲಿ ತದ್ವಿರುದ್ಧ ನಡೆಯಿತು. ಅಲ್ಲಿಯ ಸರ್ಕಾರ 1992ರಲ್ಲಿ ಕುರಿಕಜ್ಜಿಯ ಕಡ್ಡಾಯ ನಿಯಂತ್ರಣವನ್ನು ಕೈಬಿಟ್ಟಿತು. ಐವರ್‌ಮೆಕ್ಟಿನ್ ಬಂದು ಹತ್ತು ವರ್ಷ ಕಳೆದಿತ್ತು, ಪ್ರತಿ ಅಂಗಡಿಯಲ್ಲೂ ಮದ್ದು ಸಿಗುತ್ತಿತ್ತು. ಆದರೂ ರೋಗ ದೇಶದ ತುಂಬ ಹರಡಿತು. ಬೇಲಿಯ ಆಚೆಯವನು ಮದ್ದು ಹಾಕದಿದ್ದರೆ ಈಚೆಯವನ ಮದ್ದು ನೀರಿಗೆ ಹಾಕಿದ ಹಾಗೆ. ಸ್ಕಾಟ್ಲೆಂಡ್ 2010ರಲ್ಲಿ ಮತ್ತೆ ಕಾನೂನು ತಂದು, ಕಜ್ಜಿ ಕಂಡರೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ನಮ್ಮ ಹಿರಿಯರು ಹೊಂಗೆಯೆಣ್ಣೆಗೆ ಗಂಧಕ ಕಲಸಿ ಹಚ್ಚುತ್ತಿದ್ದದ್ದು ಮೌಢ್ಯವಲ್ಲ. ಗಂಧಕ ನುಸಿಯನ್ನು ಕೊಲ್ಲುತ್ತದೆ, ಎಣ್ಣೆ ಹಕ್ಕಳೆಯನ್ನು ಮೆದು ಮಾಡುತ್ತದೆ. ಹಾಲಿನ ಎಮ್ಮೆಯಿರುವ ಸಣ್ಣ ಮನೆಗೆ ಇಂದಿಗೂ ಅದು ಕೈಗೆಟಕುವ ದಾರಿ. ಆದರೆ ಹಚ್ಚುವುದು ಮೈಯೆಲ್ಲ, ಪದೇಪದೇ. ನಮ್ಮಲ್ಲಿ ಗಾಯದ ಜಾಗಕ್ಕಷ್ಟೇ ಬಳಿದು ಬಿಡುತ್ತಾರೆ. ಅಮಿಟ್ರಾಜ್ ಸಿಂಪಡಣೆಯದ್ದೂ ಇದೇ ಪಾಡು. ಬೆನ್ನ ಮೇಲೆ ಎರಡು ಸಲ ಪಂಪು ಹೊಡೆದರೆ ಮುಗಿಯಿತು. ಹೊಟ್ಟೆಯ ಅಡಿ, ಕಿವಿಯೊಳಗೆ, ತೊಡೆಯ ಸಂದು, ಬಾಲದ ಬುಡ ಒಣಗಿಯೇ ಇರುತ್ತವೆ. ನುಸಿ ಅಡಗುವುದು ಅಲ್ಲೇ. (ಅಮಿಟ್ರಾಜ್ ಮನೆಯಲ್ಲಿ ತಂದಿಟ್ಟವರು ಕುದುರೆಯ ಹತ್ತಿರ ಅದನ್ನು ಒಯ್ಯಬೇಡಿ, ಅದಕ್ಕೆ ಆಗದು.) ಸಗಣಿಯ ವಿಷಯವೂ ಒಂದಿದೆ: ಐವರ್‌ಮೆಕ್ಟಿನ್ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ, ಸಗಣಿಹುಳಗಳ ಮರಿಗಳಿಗೆ ವಿಷ. ಹೊಲಕ್ಕೆ ಗೊಬ್ಬರ ಹಾಕುವ ಮನೆಗಳಲ್ಲಿ ಅನಗತ್ಯ ಸೂಜಿಗೆ ಇದೂ ಒಂದು ಬೆಲೆ.

ಹಾಗಾದರೆ ಮಾಡುವುದೇನು? ಹೊಸ ಮದ್ದು ಬೇಕಿಲ್ಲ. ಬೇಕಾದ ವಸ್ತು ದನದ ಕಿವಿಯಲ್ಲೇ ನೇತಾಡುತ್ತಿದೆ. ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ನಿಯಂತ್ರಣಕ್ಕೆ 2019ರಲ್ಲಿ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ದನ ಎಮ್ಮೆಗಳಿಗೆ 12 ಅಂಕಿಯ ಹಳದಿ ಕಿವಿಯೋಲೆ ಬಂದಿದೆ. ಅದರ ಲೆಕ್ಕ ‘ಭಾರತ್ ಪಶುಧನ್’ ಎಂಬ ಡಿಜಿಟಲ್ ವ್ಯವಸ್ಥೆಯಲ್ಲಿದೆ. ಲಸಿಕೆ, ಕೃತಕ ಗರ್ಭಧಾರಣೆ ಅದರಲ್ಲಿ ದಾಖಲಾಗುತ್ತವೆ. ಕಜ್ಜಿಯ ಸೂಜಿಯ ದಿನಾಂಕ ಹಾಕಲು ಬೇಕಾದದ್ದು ಒಂದು ನಿಮಿಷ. ಆ ಓಲೆ ಯಾವ ಸಂತೆಗೆ, ಯಾವ ರಾಜ್ಯಕ್ಕೆ ಹೋದರೂ ದಿನಾಂಕ ಜೊತೆಗೇ ಹೋಗುತ್ತದೆ. ಮಾರುವವರ ಬಾಯಿಯನ್ನು ನಂಬಬೇಕಿಲ್ಲ. ಕಸಾಯಿಖಾನೆಯ ಪಶುವೈದ್ಯರು ಅಂಕಿ ಒತ್ತಿದರೆ ‘ಇನ್ನೂ 20 ದಿನ’ ಎಂದು ಕಂಡರೆ ಸಾಕು. ಇದಕ್ಕೆ ಅಡ್ಡಿಯಾಗಿರುವುದು ತಂತ್ರಜ್ಞಾನ ಅಲ್ಲ. ಸೂಜಿ ಹಾಕುವವರಲ್ಲಿ ದೊಡ್ಡ ಪಾಲು ಇಲಾಖೆಯ ಹೊರಗಿನವರು, ಔಷಧದಂಗಡಿಯಿಂದ ಬಾಟಲಿ ತಂದು ತಾವೇ ಚುಚ್ಚುವವರು. ಚೀಟಿಯಿಲ್ಲದೆ ಬಾಟಲಿ ಕೊಡುವ ಅಂಗಡಿಗಳನ್ನು ನೋಡಿಯೂ ನೋಡದಂತೆ ಇರುವ ನಮ್ಮಂಥ ಕಂಪನಿಯವರ ಪಾಲೂ ಇದರಲ್ಲಿದೆ. ತಿಂಗಳ ಗುರಿ ಮುಟ್ಟುವುದು ಆ ಅಂಗಡಿಗಳಿಂದಲೇ.

ಗೋಶಾಲೆಗಳಿಗೆ ಕೊಡುವ ಸರ್ಕಾರಿ ಅನುದಾನಕ್ಕೆ ಒಂದೇ ಷರತ್ತು ಸೇರಿಸಿದರೂ ದೊಡ್ಡ ವ್ಯತ್ಯಾಸವಾಗುತ್ತದೆ: ಹೊಸದಾಗಿ ಬಂದ ದನಗಳಿಗೆ ಬೇರೆ ಗೋದಲಿ, ಬೇರೆ ಹಗ್ಗ, ಬೇರೆ ಬ್ರಷ್ ಇರುವ ಒಂದು ಪ್ರತ್ಯೇಕ ಕಟ್ಟೆ. ಮೂರು ನಾಲ್ಕು ವಾರ ಅಲ್ಲಿದ್ದು, ಎರಡು ಸೂಜಿ ಮುಗಿಸಿ ಒಳಗೆ ಬರಲಿ. ಹಳೆಯ ಮಂದೆಗೆ ಒಮ್ಮೆ ಮಾತ್ರ, ಕಜ್ಜಿ ಕಂಡವಕ್ಕೂ ಕಾಣದವಕ್ಕೂ ಒಂದೇ ದಿನ, ಮತ್ತೆ 14 ದಿನಕ್ಕೆ. ಕೆಲವರು ಖರ್ಚು ಎನ್ನುತ್ತಾರೆ. ವರ್ಷವಿಡೀ ತುಂಡುತುಂಡಾಗಿ ಹಾಕುವ ಸೂಜಿಗಳನ್ನು ಕೂಡಿ ನೋಡಿದರೆ ಇದೇ ಅಗ್ಗ. ನುಸಿ ದನದ ಮೈ ಬಿಟ್ಟು ಹೆಚ್ಚು ಕಾಲ ಬದುಕದು, ತಂಪು ತೇವವಿದ್ದರೆ ಎರಡು ಮೂರು ವಾರ, ಒಣ ಬಿಸಿಲಿಗೆ ಕೆಲವೇ ದಿನ. ಹೈದರಾಬಾದ್, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಖಾಲಿ ಬಿಟ್ಟ ಕೊಟ್ಟಿಗೆ ತಾನೇ ಶುದ್ಧವಾಗುತ್ತದೆ. ಆ ಬಿಸಿಲನ್ನು ಬೈದುಕೊಳ್ಳುವ ನಮಗೆ ಇದೊಂದು ಸಮಾಧಾನ.

ಹಳ್ಳಿಗಳಲ್ಲಿ ಕಾಲುಬಾಯಿ ಜ್ವರದ ಲಸಿಕೆಗೆ ಆರು ತಿಂಗಳಿಗೊಮ್ಮೆ ಮನೆಮನೆಗೆ ಬರುವ ತಂಡವೇ ನವೆಂಬರ್ ಸುತ್ತಿನಲ್ಲಿ ಕಜ್ಜಿಯನ್ನೂ ನೋಡಬಹುದು. ಒಂದು ಕೇರಿಯಲ್ಲಿ ಕಂಡರೆ ಇಡೀ ಕೇರಿಗೆ. ಹಾಲಿನ ಎಮ್ಮೆಗೆ ಸಿಂಪಡಣೆ, ಉಳಿದವಕ್ಕೆ ಸೂಜಿ. ಬೀದರ್‌ನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ, ಶಂಶಾಬಾದಿನ ಪಕ್ಕದ ರಾಜೇಂದ್ರನಗರದಲ್ಲಿ ತೆಲಂಗಾಣದ್ದಿದೆ. ಗಡಿಯ ಸಂತೆಗಳಿಗೆ ಎರಡೂ ಕಡೆಯ ದನ ಬರುತ್ತದೆ, ರೋಗವನ್ನು ಆಚೆಯವರು ‘ಗಜ್ಜಿ’ ಎನ್ನುತ್ತಾರೆ, ಈಚೆಯವರು ‘ಕಜ್ಜಿ’ ಎನ್ನುತ್ತಾರೆ. ಎರಡು ವಿಶ್ವವಿದ್ಯಾಲಯಗಳೂ ಸೇರಿ ಒಂದು ಚಳಿಗಾಲ ಈ ಸಂತೆಗಳಲ್ಲಿ ಚರ್ಮ ಕೆರೆದು ನೋಡಿದರೆ, ಯಾವ ನುಸಿ ಎಷ್ಟಿದೆ, ಯಾವ ಮದ್ದು ಇನ್ನೂ ಕೆಲಸ ಮಾಡುತ್ತಿದೆ ಎಂಬುದಾದರೂ ತಿಳಿಯುತ್ತದೆ.

ಊರಲ್ಲಿ ದನಕರು ಇಟ್ಟುಕೊಂಡು ಹೊರಗೆ ದುಡಿಯುವ ಓದುಗರಿಗೆ ಒಂದು ಮಾತು. ಮನೆಯಿಂದ ಫೋಟೊ ಬಂದರೆ ಮೊದಲು 1962ಕ್ಕೆ ಫೋನ್ ಮಾಡಿಸಿ, ಸಂಚಾರಿ ಪಶು ಚಿಕಿತ್ಸಾಲಯ ಎರಡೂ ರಾಜ್ಯಗಳಲ್ಲಿ ಅದೇ ನಂಬರಿಗೆ ಬರುತ್ತದೆ. ಕೆರೆದು ನೋಡಲು ಕೇಳಿ. ಕಜ್ಜಿ ಬಂದ ದನ ಒಂದೇ ಆದರೂ ಕೊಟ್ಟಿಗೆಯ ಎಲ್ಲವಕ್ಕೂ ಒಂದೇ ದಿನ ಮದ್ದಾಗಲಿ. ಎರಡನೇ ಸೂಜಿಯ ದಿನವನ್ನು ಅಪ್ಪನಿಗೆ ಹೇಳಿ ಸುಮ್ಮನಾಗಬೇಡಿ, ನಿಮ್ಮ ಫೋನಿನಲ್ಲೇ ರಿಮೈಂಡರ್ ಇಟ್ಟುಕೊಳ್ಳಿ. ಜೊತೆಗೆ 42ನೇ ದಿನಕ್ಕೂ ಒಂದು ಇಡಿ. ಬೀದರ್‌ನ ಆ ಮನೆಯವರಿಗೆ ಈ ವರ್ಷ ಇನ್ನೊಂದು ಗಂಡುಕರು ಹುಟ್ಟಿದೆ. ಅದಕ್ಕೆ ಓಲೆ ಹಾಕಿಸಿದ್ದಾರೆ, ಫೋಟೊ ಕಳಿಸಿದ್ದರು. ಓಲೆಯ 12 ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು.